ಎಡಿಸ್ಟೋ ದ್ವೀಪದವರು ಬರೆದ ಪತ್ರ

ನನ್ನ ಮಗಳು ಹುಟ್ಟಿದ್ದು ಅಟ್ಲಾಂಟಾದಲ್ಲಿ. ಆಗ ನಾವಿಬ್ಬರೂ ವೀಸಾ ಮೇಲಿದ್ದವರು. ಆದರೂ ಹುಟ್ಟಿದ ಗಳಿಗೆಯಿಂದಲೇ ಅವಳು ಅಮೆರಿಕದ ಪ್ರಜೆ. ಅದು ಸಂವಿಧಾನದ 14ನೇ ತಿದ್ದುಪಡಿ ಕೊಟ್ಟ ಹಕ್ಕು. 1868ರಲ್ಲಿ ಅದು ಬಂದದ್ದು ಗುಲಾಮಗಿರಿಯಿಂದ ಬಿಡುಗಡೆಯಾದ ಸುಮಾರು 40 ಲಕ್ಷ ಕಪ್ಪು ಜನರ ಕಾರಣಕ್ಕೆ. ಇಲ್ಲಿರುವ ಕನ್ನಡದ ಮನೆಗಳಲ್ಲಿ ಅವರ ಮಾತು ಬರುವುದೇ ಅಪರೂಪ. ಬರಬೇಕು.

1865ರ ಜನವರಿಯಲ್ಲಿ, ಉತ್ತರ, ದಕ್ಷಿಣದ ರಾಜ್ಯಗಳ ಅಂತರ್ಯುದ್ಧ ಮುಗಿಯುವ ಮೊದಲೇ, ಉತ್ತರದ ಸೇನೆಯ ಜನರಲ್ ಶರ್ಮನ್ ಒಂದು ಆದೇಶ ಹೊರಡಿಸಿದರು: ದಕ್ಷಿಣದ ಕರಾವಳಿಯ ಜಮೀನಿನಲ್ಲಿ ಬಿಡುಗಡೆಯಾದ ಒಂದೊಂದು ಕುಟುಂಬಕ್ಕೆ 40 ಎಕರೆವರೆಗೆ. ದಕ್ಷಿಣ ಕೆರೊಲಿನಾದ ಎಡಿಸ್ಟೋ ದ್ವೀಪದಲ್ಲಿ ಜನ ನೆಲೆ ನಿಂತು ಬೆಳೆ ಇಟ್ಟರು. ಲಿಂಕನ್ ಸತ್ತ ಮೇಲೆ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ ಆ ನೆಲವನ್ನು ಹಳೇ ಧಣಿಗಳಿಗೇ ವಾಪಸ್ ಕೊಡಿಸಿದರು. ಅಕ್ಟೋಬರ್‌ನಲ್ಲಿ, ಬಿಡುಗಡೆಯಾದವರ ನೆರವಿನ ಸರ್ಕಾರಿ ಇಲಾಖೆಯ ಮುಖ್ಯಸ್ಥ ಜನರಲ್ ಹೊವರ್ಡ್ ದ್ವೀಪಕ್ಕೆ ಬಂದು, ಚರ್ಚಿನಲ್ಲಿ ಸೇರಿದ್ದವರಿಗೆ ಈ ಸುದ್ದಿ ಹೇಳಿದರು. ಧಣಿಗಳನ್ನು ಕ್ಷಮಿಸಿಬಿಡಿ ಅಂತಲೂ ಕೇಳಿಕೊಂಡರು.

ಹೆನ್ರಿ ಬ್ರಾಮ್, ಇಶ್ಮಾಯೆಲ್ ಮೌಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಎಂಬ ಮೂವರು ಊರವರ ಪರವಾಗಿ ಹೊವರ್ಡ್‌ಗೆ ಪತ್ರ ಬರೆದರು. ಅದರ ತಾತ್ಪರ್ಯ ಇಷ್ಟು: ನೀವು ಯುದ್ಧದಲ್ಲಿ ಬಲಗೈ ಕಳೆದುಕೊಂಡಿರಿ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನನ್ನು, ನನ್ನ ತಾಯಿ, ಅಕ್ಕತಂಗಿಯ ಬಟ್ಟೆ ಬಿಚ್ಚಿಸಿ ಬಾರಿಸಿದವನನ್ನು, ತಾನು ಹೇಳಿದ ಕೂಲಿಗೆ ಒಪ್ಪದಿದ್ದರೆ ಖಾಲಿ ಗುಡಿಸಲಲ್ಲೂ ಇರಗೊಡದವನನ್ನು ನಾನು ಹೇಗೆ ಕ್ಷಮಿಸಲಿ?

ಈ ಪತ್ರ ಓದುವಾಗ ನನ್ನನ್ನು ತಡೆದು ನಿಲ್ಲಿಸುವುದು ಆ ಖಾಲಿ ಗುಡಿಸಲು. ಸ್ವಂತ ನೆಲವಿದ್ದರೆ ಇವರು ತನ್ನ ಹೊಲಕ್ಕೆ ಕಾಲಿಡುವುದಿಲ್ಲ ಅಂತ ಧಣಿಗೆ ಚೆನ್ನಾಗಿ ಗೊತ್ತಿತ್ತು. ಪತ್ರದಲ್ಲೂ ಅದನ್ನೇ ಹೇಳಿದ್ದಾರೆ.

ಡಿಸೆಂಬರ್‌ನಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. ಅದೇ ತಿಂಗಳು ದಕ್ಷಿಣ ಕೆರೊಲಿನಾ ಹೊಸ ಕಾನೂನು ತಂದಿತು. ಕಪ್ಪು ಜನ ಅಂಗಡಿ ಇಡಬೇಕೆಂದರೆ ವರ್ಷಕ್ಕೆ 100 ಡಾಲರ್ ಕಟ್ಟಿ ಲೈಸೆನ್ಸ್ ತೆಗೆದುಕೊಳ್ಳಬೇಕು. ಕೂಲಿಗೆ ಇಟ್ಟುಕೊಂಡವನಿಗೆ ಆ ಕಾನೂನಿನಲ್ಲೂ 'ಮಾಸ್ಟರ್' ಅಂತಲೇ ಹೆಸರು! ಇಂಥ ಕಾನೂನುಗಳನ್ನು ನೋಡಿಯೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 14ನೇ ತಿದ್ದುಪಡಿಗೆ ಕೈ ಹಾಕಿದ್ದು.

1868ರಲ್ಲಿ ಆ ರಾಜ್ಯದ ಕೆಳಮನೆಯಲ್ಲಿ ಕಪ್ಪು ಸದಸ್ಯರೇ ಜಾಸ್ತಿ ಇದ್ದರು. 1895ರಲ್ಲಿ ರಾಜ್ಯ ಹೊಸ ಸಂವಿಧಾನ ಬರೆದುಕೊಂಡು, ಓದು ಬರಹದ ಪರೀಕ್ಷೆ, ತೆರಿಗೆ ಅಂತ ನೆಪ ಹೂಡಿ ಅವರ ವೋಟು ಕಿತ್ತುಕೊಂಡಿತು. ಅದು ಗಟ್ಟಿಯಾಗಿ ವಾಪಸ್ ಸಿಕ್ಕಿದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ, ಅದೂ ಕಪ್ಪು ಜನ ಬೀದಿಗಿಳಿದು ಏಟು ತಿಂದ ಮೇಲೆ. ಭಾರತದವರಿಗೆ ಬಾಗಿಲು ತೆರೆದ ವಲಸೆ ಕಾಯ್ದೆಯೂ ಅದೇ ವರ್ಷದ್ದು. ನಮ್ಮ ದೊಡ್ಡಪ್ಪ ಡೆಟ್ರಾಯ್ಟ್‌ಗೆ ಬರಲು ಆಗಿದ್ದು ಅದರಿಂದಲೇ.