ಬೋರ್‌ವೆಲ್ ಹ್ಯಾಂಡಲ್ ಮುರಿದ ಸುದ್ದಿ

ಶುಕ್ರವಾರ ಸಂಜೆ ಹಾಲು ಕರೆಯುವ ಪಾಳಿ ಮುಗಿಸಿ ಬಂದು ಗಂಬೂಟು ಬಿಚ್ಚುತ್ತಿದ್ದೆ. ಮಗಳು ಐಪ್ಯಾಡ್ ತಂದು ಮುಖಕ್ಕೇ ಹಿಡಿದಳು. ಅವಳ ಶಾಲೆಯ ಮಕ್ಕಳೇ ಓದುವ ಈ ವಾರದ ವಾರ್ತೆಯ ವಿಡಿಯೋ.

ನ್ಯೂಜಿಲೆಂಡಿನ ಸೌತ್‌ಲ್ಯಾಂಡಿನಲ್ಲಿ, ಸುತ್ತ ಬರೀ ಹುಲ್ಲು ಮತ್ತು ಹಸು ಇರುವ ಕಡೆ, ಸುಮಾರು 40 ಮಕ್ಕಳ ಶಾಲೆ ಅದು. ಲೈಬ್ರರಿ ಗೋಡೆಗೆ ಹಸಿರು ಬಟ್ಟೆ ಕಟ್ಟಿದರೆ ಅದೇ ಸ್ಟುಡಿಯೋ, ಹಸಿರು ಇದ್ದ ಕಡೆಯೆಲ್ಲ ವಿಡಿಯೋದಲ್ಲಿ ಬೇರೆ ಚಿತ್ರ ಕೂರುತ್ತದೆ. "ಕಿಯ ಓರಾ" ಅಂತ ಮಾವೋರಿ ಭಾಷೆಯ ನಮಸ್ಕಾರದಿಂದ ಶುರು. ಮೊದಲ ಸುದ್ದಿ, ಪಕ್ಕದ ಫಾರಂನ ಹೋರಿ ರಸ್ತೆಗೆ ಬಂದು ಶಾಲೆಯ ಬಸ್ಸು 20 ನಿಮಿಷ ತಡ. ಆಮೇಲೆ ಪೆಟ್ ಡೇ. ಅಕ್ಟೋಬರ್ ಅಂದರೆ ಇಲ್ಲಿ ವಸಂತ, ಹಳ್ಳಿ ಶಾಲೆಗಳಿಗೆ ಮಕ್ಕಳು ತಾವೇ ಸಾಕಿದ ಕರು, ಕುರಿಮರಿ ತರುತ್ತಾರೆ, ಹಗ್ಗ ಹಿಡಿದರೆ ಜೊತೆಗೆ ನಡೆಯುತ್ತದಾ, ಕರೆದರೆ ಬರುತ್ತದಾ ಅಂತ ನೋಡಿ ರಿಬ್ಬನ್ ಕೊಡುತ್ತಾರೆ. ನಮ್ಮ ಕರು ಗೌರಿಯ ಹೆಸರೂ ಬಂತು, "ಗಾರಿ" ಆಗಿ! ಹವಾಮಾನ ಹೇಳುವ ಹುಡುಗ ಹಸಿರು ಸ್ವೆಟರ್ ಹಾಕಿದ್ದ. ಹೊಟ್ಟೆ ಇರಬೇಕಾದ ಕಡೆ ನಕ್ಷೆ, ಮೇಲೆ ತಲೆಯೊಂದೇ ತೇಲುತ್ತಾ "ನಾಳೆ ದಕ್ಷಿಣದ ಗಾಳಿ, ಜಾಕೆಟ್ ತನ್ನಿ" ಅಂತಿತ್ತು. ಇಲ್ಲಿ ದಕ್ಷಿಣದ ಗಾಳಿ ಅಂದರೆ ಅಂಟಾರ್ಟಿಕಾದ ಕಡೆಯ ಚಳಿ.

ನಾನೂ ವಾರ್ತೆ ಓದುತ್ತಿದ್ದೆ ಕಣೇ ಅಂತ ಜಂಬ ಕೊಚ್ಚಿಕೊಂಡೆ. "ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಮ್, ಪ್ರವಾಚಕಃ ಬಲದೇವಾನಂದಸಾಗರಃ" ಅಂತ ಬೆಳಿಗ್ಗೆ 6.55ಕ್ಕೆ ರೇಡಿಯೋದಲ್ಲಿ ಕೇಳಿದ ಗತ್ತಿನಲ್ಲೇ ನಾವು ನಮ್ಮೂರ ಶಾಲೆಯ ಪ್ರಾರ್ಥನೆ ಹೊತ್ತಲ್ಲಿ ಪೇಪರಿನ ತಲೆಬರಹ ಓದುತ್ತಿದ್ದದ್ದು. ಪೇಪರ್ ಬರುತ್ತಿದ್ದುದೇ 11ರ ಬಸ್ಸಿಗೆ, ಹಾಗಾಗಿ ನಿನ್ನೆಯದ್ದೇ ಇಂದಿನ ಪ್ರಮುಖ ವಾರ್ತೆ. ದೆಹಲಿ, ಪ್ರಧಾನಿ, ಕ್ರಿಕೆಟ್.

"ಅದ್ರಲ್ಲಿ ನಿಮ್ಮೂರು ಇರ್ತಿತ್ತಾ ಅಮ್ಮ?"

ಇರುತ್ತಿರಲಿಲ್ಲ. ಒಂದೇ ಒಂದು ಸಲ ಇತ್ತು. ಆರನೇ ಕ್ಲಾಸಿನ ಹುಡುಗನೊಬ್ಬ ಕೊನೆಗೆ ತಾನೇ ಸೇರಿಸಿ, ಅದೇ ದನಿಯಲ್ಲಿ, "ನಮ್ಮ ಶಾಲೆಯ ಬೋರ್‌ವೆಲ್ ಹ್ಯಾಂಡಲ್ ಮುರಿದು ಹದಿನೈದು ದಿನವಾಗಿದೆ" ಅಂದುಬಿಟ್ಟ. ಮೇಷ್ಟ್ರು ಎಲ್ಲರೆದುರೇ ಕಿವಿ ಹಿಂಡಿದರು. ನಾವೆಲ್ಲ ಕಿಸಿಕಿಸಿ ನಕ್ಕೆವು, ನಾನೂ. ಮಾರನೇ ದಿನದಿಂದ ಅವನ ಕೈಗೆ ಪೇಪರ್ ಸಿಗಲಿಲ್ಲ, ನನಗೆ ಸಿಕ್ಕಿತು. ತಪ್ಪಿಲ್ಲದೆ ಓದುತ್ತೇನೆ ಅಂತ.

ಮಗಳು ನಗಲಿಲ್ಲ. "ಮತ್ತೆ ಹ್ಯಾಂಡಲ್ ಯಾವಾಗ ರಿಪೇರಿ ಆಯ್ತು?"

ಏಳನೇ ಕ್ಲಾಸು ಮುಗಿಯುವವರೆಗೂ ನಾವು ಸರದಿ ಪ್ರಕಾರ ಕೆರೆ ಪಕ್ಕದ ಬಾವಿಯಿಂದ ಕೊಡದಲ್ಲಿ ನೀರು ತರುತ್ತಿದ್ದೆವು.