ಇರುವುದೇ ಎರಡು ರಾತ್ರಿ, ಊಟಕ್ಕೆ ಎಲ್ಲಿಗೆ ಹೋಗೋಣ?

ಹೊಸ ಊರಿಗೆ ಹೊರಡುವಾಗ ಮ್ಯಾಪಿನಲ್ಲಿ ನಾನು ಮೊದಲು ಗುರುತು ಹಾಕುವುದು ರಾತ್ರಿ ಊಟದ ಜಾಗಕ್ಕೆ. ಮ್ಯೂಸಿಯಂ, ಪಾರ್ಕು ಎಲ್ಲ ಆಮೇಲೆ. ಮಧ್ಯಾಹ್ನ ಹೊಟ್ಟೆ ತುಂಬಿದರೆ ಸಾಕು, ಎಲ್ಲೋ ಒಂದು ಕಡೆ ತಿಂದು ಮುಂದೆ ಹೋಗುತ್ತೇವೆ. ರಾತ್ರಿ ಹಾಗಲ್ಲ. ಸುತ್ತಾಟ ಮುಗಿದಿರುತ್ತದೆ, ಅವಸರ ಇರುವುದಿಲ್ಲ. ಜೊತೆಗೆ ಬಂದವರ ಎದುರು ಕೂತು ಸಮಾಧಾನವಾಗಿ ಮಾತಾಡಲು ಸಿಗುವುದು ಆಗಲೇ ಅಲ್ವಾ?

ಹಾಗಂತ ಎಲ್ಲ ರಾತ್ರಿಗೂ ದೊಡ್ಡ ಹೋಟೆಲ್ ಬೇಡ. ತಲುಪಿದ ದಿನ ರೈಲೋ ವಿಮಾನವೋ ತಡವಾಗಬಹುದು. ಅವತ್ತಿಗೆ ರೂಮಿನಿಂದ ನಡೆದು ಹೋಗುವಷ್ಟು ಹತ್ತಿರದ, ಬುಕಿಂಗ್ ಬೇಡದ ಜಾಗ ಸಾಕು. ಮಾರನೆಯ ರಾತ್ರಿಯನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಅವತ್ತಿನ ಸಂಜೆಯ ಓಡಾಟವನ್ನೆಲ್ಲ ಊಟದ ಸುತ್ತಲೇ ಜೋಡಿಸುತ್ತೇನೆ.

ಆ ಜಾಗವನ್ನು ಹುಡುಕುವುದು ಹೇಗೆ? ಬರೀ ರೇಟಿಂಗ್ ನೋಡಿ ನಾನು ಎಲ್ಲಿಗೂ ಹೋಗುವುದಿಲ್ಲ. ಐದು ಸ್ಟಾರ್ ಕೊಟ್ಟವರು 'ಸೂಪರ್' ಅಂತ ಬರೆದು ಸುಮ್ಮನಾಗುತ್ತಾರೆ. ಒಂದು ಸ್ಟಾರ್ ಕೊಟ್ಟವರಿಗೆ ಅವತ್ತು ಬೇರೇನೋ ಸಿಟ್ಟು. ಮೂರು ಸ್ಟಾರ್ ಕೊಟ್ಟವರು ಮಾತ್ರ ಯಾವುದು ಚೆನ್ನಾಗಿತ್ತು, ಯಾವುದು ಇಲ್ಲ ಅಂತ ಬಿಡಿಸಿ ಹೇಳುತ್ತಾರೆ. ಅದನ್ನು ಓದುತ್ತೇನೆ, ಅದೂ ಹೊಸದರಿಂದ ಹಳೆಯದಕ್ಕೆ. ಅಡುಗೆಯವರು ಬದಲಾದರೆ ಹಳೆಯ ಹೊಗಳಿಕೆಗೆ ಬೆಲೆ ಇಲ್ಲ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕೈದು ಜನ ಒಂದೇ ತಿನಿಸಿನ ಹೆಸರು ಹೇಳಿದ್ದರೆ, ಆ ಅಡುಗೆಮನೆಗೆ ತನ್ನದೇ ಒಂದು ಕೈರುಚಿ ಇದೆ ಅಂತ ಅರ್ಥ. ನನಗೆ ಬೇಕಾದದ್ದು ಅದೇ. ಎಲ್ಲವನ್ನೂ ಪರವಾಗಿಲ್ಲ ಅನ್ನುವಂತೆ ಮಾಡುವ ಹೋಟೆಲ್ ಮನಸ್ಸಿನಲ್ಲಿ ಉಳಿಯುವುದಿಲ್ಲ.

ಆಮೇಲೆ ಮೆನು. ಒಂದೇ ಹಾಳೆಯ ಮೆನು ನೋಡಿದರೆ ನನಗೆ ಅರ್ಧ ಧೈರ್ಯ ಬರುತ್ತದೆ. ಹತ್ತಾರು ಪುಟ ಇದ್ದರೆ ಅಷ್ಟೂ ಸಾಮಾನನ್ನು ದಿನಾ ತಾಜಾ ತರುವುದು ಕಷ್ಟ, ಅರ್ಧ ಫ್ರಿಜ್ಜಿನಿಂದಲೇ ಬರಬೇಕು. ಇವತ್ತು ಇದಿಲ್ಲ ಅಂತ ಹೇಳುವ ಹೋಟೆಲ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಮಿಷಲಿನ್ ಸ್ಟಾರ್ ನೋಡಬೇಕಾ ಅಂತ ಗೆಳತಿಯರು ಕೇಳುತ್ತಾರೆ. ಒಳ್ಳೆಯ ಹೋಟೆಲುಗಳಿಗೆ ಈ ಸ್ಟಾರ್ ಕೊಡುವ ಗೈಡನ್ನು ಫ್ರಾನ್ಸಿನ ಮಿಷಲಿನ್ ಅನ್ನುವ ಟೈರ್ ಕಂಪನಿ 1900ರಲ್ಲಿ ಕಾರಿನಲ್ಲಿ ಓಡಾಡುವವರಿಗಾಗಿ ಶುರು ಮಾಡಿತು. ಸ್ಟಾರ್ ಬಂದದ್ದು 1926ರಲ್ಲಿ. ಮೂರು ಸ್ಟಾರ್ ಅಂದರೆ ಅದಕ್ಕಾಗಿಯೇ ಪ್ರಯಾಣ ಮಾಡಬಹುದು, ಎರಡು ಅಂದರೆ ದಾರಿ ಬಿಟ್ಟು ಹೋಗಬಹುದು, ಒಂದು ಅಂದರೆ ದಾರಿಯಲ್ಲಿ ಸಿಕ್ಕರೆ ನಿಲ್ಲಬಹುದು. ಎರಡು ದಿನದ ಪ್ರವಾಸಕ್ಕೆ ದಾರಿಯಲ್ಲಿ ಸಿಗುವುದೇ ಸರಿ ಅಂತ ನನ್ನ ಲೆಕ್ಕ. ಅದೇ ಗೈಡಿನಲ್ಲಿ 1997ರಿಂದ 'ಬಿಬ್ ಗೂರ್ಮಾಂ' ಅಂತ ಇನ್ನೊಂದು ಗುರುತು ಇದೆ. ಹೆಚ್ಚು ಖರ್ಚಿಲ್ಲದೆ ಒಳ್ಳೆಯ ಊಟ ಸಿಗುವ ಜಾಗಗಳಿಗೆ ಅದನ್ನು ಕೊಡುತ್ತಾರೆ. ನಾನು ಮೊದಲು ನೋಡುವುದು ಆ ಪಟ್ಟಿಯನ್ನೇ.

ಜಾಗ ಗೊತ್ತಾದ ಮೇಲೆ ಫೋನ್ ಮಾಡಲೇಬೇಕು. ವಾರದ ರಜೆ ಯಾವತ್ತು, ಲಾಸ್ಟ್ ಆರ್ಡರ್ ಎಷ್ಟು ಗಂಟೆಗೆ? ಬಾಗಿಲು ತೆರೆದಿರುವ ಹೊತ್ತಿಗೂ ಒಲೆ ಉರಿಯುವ ಹೊತ್ತಿಗೂ ವ್ಯತ್ಯಾಸ ಇರುತ್ತದೆ. ಸ್ಪೀಕರ್ ಪಕ್ಕದ ಟೇಬಲ್ ಬೇಡ ಅಂತಲೂ ಆಗಲೇ ಹೇಳಿಬಿಡುತ್ತೇನೆ. ಸದ್ದು ಜೋರಾಗಿದ್ದರೆ ಉಪ್ಪು, ಸಿಹಿ ನಾಲಿಗೆಗೆ ಕಡಿಮೆ ತಿಳಿಯುತ್ತದೆ ಅಂತ 2011ರ ಒಂದು ಅಧ್ಯಯನ ಹೇಳಿದೆ. ಅದಿರಲಿ, ಮಾತು ಕೇಳಿಸದ ಕಡೆ ಕೂತು ಏನು ಮಾಡುವುದು?

ಕೂತ ಮೇಲೆ ಸಪ್ಲೈಯರನ್ನು 'ಏನು ಚೆನ್ನಾಗಿದೆ?' ಅಂತ ಕೇಳಬೇಡಿ. ಎಲ್ಲಾ ಚೆನ್ನಾಗಿದೆ ಅನ್ನುತ್ತಾರೆ, ಪಾಪ. 'ಕೆಲಸ ಮುಗಿದ ಮೇಲೆ ನೀವು ಇದರಲ್ಲಿ ಯಾವುದು ತಿನ್ನುತ್ತೀರಿ?' ಅಂತ ಕೇಳಿ. ಹಿಂದೊಮ್ಮೆ ಹೀಗೆ ಕೇಳಿದಾಗ ಆ ಹುಡುಗ ಒಂದು ಕ್ಷಣ ಅಡುಗೆಮನೆಯ ಕಡೆ ನೋಡಿದ. ಆಮೇಲೆ ಮೆನು ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ನಾವ್ಯಾರೂ ಅದನ್ನು ಓದಿಯೇ ಇರಲಿಲ್ಲ. ಒಂದು ತಟ್ಟೆ ತರಿಸಿದೆವು, ಮುಗಿಯುವ ಮೊದಲೇ ಇನ್ನೊಂದು ಹೇಳಿದೆವು.

ಇನ್ನೊಂದು ವಿಷಯ. ಬುಕಿಂಗ್ ಆಗಿದ್ದರೂ ಎರಡನೆಯ ಹೆಸರೊಂದನ್ನು ಬರೆದಿಟ್ಟುಕೊಳ್ಳಿ. ಅದು ಅದೇ ಬೀದಿಯಲ್ಲಿದ್ದರೆ ಇನ್ನೂ ಒಳ್ಳೆಯದು.