ಆ ಮಣ್ಣಿನ ಗೊಂಬೆ ಯೆಹೋವನ ಹೆಂಡತಿಯೇ?

ಜೆರುಸಲೇಮಿನ ಉತ್ಖನನಗಳಲ್ಲಿ ಸಿಕ್ಕ ಹೆಣ್ಣುಗೊಂಬೆಗಳ ಚಿತ್ರ ತೋರಿಸಿದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇವಳೇ ಅಲ್ವಾ ಅಶೇರಾ? ಯೆಹೋವನ ಹೆಂಡತಿ?"

ಯೆಹೋವ ಬೈಬಲ್‌ನ ದೇವರು, ಅಶೇರಾ ಆ ಸೀಮೆಯ ಪ್ರಾಚೀನ ದೇವಿ. ಹೌದು ಅಂದುಬಿಟ್ಟರೆ ಕೇಳಿದವರಿಗೆ ಖುಷಿ. ಆದರೆ ನನಗೆ ಬಾಯಿ ಬರುವುದಿಲ್ಲ.

ಗೊಂಬೆ ಗೇಣುದ್ದವೂ ಇಲ್ಲ, ಸುಮಾರು 15 ಸೆಂಟಿಮೀಟರ್. ಕಾಲುಗಳ ಜಾಗದಲ್ಲಿ ಕಂಬದಂಥ ಬುಡ. ಎರಡೂ ಕೈಗಳು ಮೊಲೆಗಳನ್ನು ಎತ್ತಿ ಹಿಡಿದಿವೆ. ಕೆಲವಕ್ಕೆ ಅಚ್ಚಿನಲ್ಲಿ ಒತ್ತಿ ತೆಗೆದ, ಗುಂಗುರು ಕೂದಲಿನ ಅಂದದ ತಲೆ. ಇನ್ನು ಕೆಲವಕ್ಕೆ ಕುಂಬಾರ ಹಸಿಮಣ್ಣನ್ನು ಎರಡು ಬೆರಳಲ್ಲಿ ಚಿವುಟಿದ್ದಷ್ಟೇ ಮುಖ, ಹಕ್ಕಿಯ ಮೂತಿಯ ಹಾಗೆ. ಮೈಗೆ ಬಿಳಿ ಲೇಪ, ಅಲ್ಲಲ್ಲಿ ಕೆಂಪು, ಹಳದಿ ಬಣ್ಣದ ಉಳಿಕೆ. ಕ್ರಿ.ಪೂ. 8ನೇ ಶತಮಾನದಿಂದ 6ನೇ ಶತಮಾನದ ಆರಂಭದವರೆಗೆ, ಜೆರುಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದಲ್ಲಿ ಇವು ಮನೆಮನೆಯ ವಸ್ತು. 1996ರಲ್ಲಿ ಪುರಾತತ್ವಜ್ಞ ರಾಝ್ ಕ್ಲೆಟರ್ 800ಕ್ಕೂ ಹೆಚ್ಚು ಗೊಂಬೆಗಳನ್ನು ಪಟ್ಟಿ ಮಾಡಿದರು. ಅವರ ಒಲವೂ ಅಶೇರಾ ಕಡೆಗೇ. ಆದರೆ ಒಂದರ ಮೇಲೂ ಹೆಸರು ಬರೆದಿಲ್ಲ.

ಹಾಗಾದರೆ ಆ ಹೆಸರು ಬಂದದ್ದೆಲ್ಲಿಂದ? ಸಿನಾಯಿ ಮರುಭೂಮಿಯ ಕುಂತಿಲ್ಲೆತ್ ಅಜ್ರುದ್‌ನಲ್ಲಿ 1975-76ರಲ್ಲಿ ಸಿಕ್ಕ ದೊಡ್ಡ ಹರವಿಯೊಂದರ ಮೇಲೆ "ಸಮಾರ್ಯದ ಯೆಹೋವ ಮತ್ತು ಅವನ ಅಶೇರಾ" ಎಂದು ಹರಸುವ ಬರಹವಿದೆ (ಸಮಾರ್ಯ ಯೆಹೂದದ ಉತ್ತರಕ್ಕಿದ್ದ ಇಸ್ರಾಯೇಲ್ ರಾಜ್ಯದ ರಾಜಧಾನಿ). ಅಲ್ಲಿ ಅಶೇರಾ ಎಂದರೆ ದೇವಿಯೋ, ಪೂಜೆಯ ಮರದ ಕಂಬವೋ ಎಂಬ ಜಗಳವೇ ಇನ್ನೂ ಮುಗಿದಿಲ್ಲ. ಆ ಹರವಿಯ ಹೆಸರನ್ನು ತಂದು ಯೆಹೂದದ ಬೆಟ್ಟದ ಗೊಂಬೆಗೆ ಅಂಟಿಸುವುದು ನನಗೆ ಅವಸರ ಅನಿಸುತ್ತದೆ.

ಹಿಂದೆಯೇ ಎರಡನೇ ಪ್ರಶ್ನೆ: "ಹೆಚ್ಚಿನವು ಮುರಿದಿವೆಯಲ್ಲ, ಯೋಷೀಯ ಅರಸನ ಜನ ಒಡೆದದ್ದಾ?" ಬೈಬಲ್‌ನ ಅರಸುಗಳ ಎರಡನೇ ಪುಸ್ತಕದಲ್ಲಿ ಯೆಹೂದದ ಅರಸ ಯೋಷೀಯ ಜೆರುಸಲೇಮ್ ದೇವಾಲಯದ ಅಶೇರಾವನ್ನು ಕಿದ್ರೋನ್ ಹಳ್ಳಕ್ಕೆ ಒಯ್ದು ಸುಟ್ಟದ್ದು ನಿಜ. ಈ ಗೊಂಬೆಗಳೋ ಆಗಲೇ ಆವಿಗೆಯಲ್ಲಿ ಬೆಂದವು! ಇವು ಹೆಚ್ಚಾಗಿ ಮುರಿದಿರುವುದು ಕುತ್ತಿಗೆಯಲ್ಲಿ. ತೆಳ್ಳಗಿನ ಜಾಗ, ಬಿದ್ದರೆ ಮೊದಲು ಹೋಗುವುದು ಅದೇ. ಪಕ್ಕದಲ್ಲಿ ಬಿದ್ದಿರುವ ಮಡಕೆಗಳೂ ಒಡೆದಿವೆ, ಅವನ್ನು ಯಾವ ಅರಸನೂ ಒಡೆಸಲಿಲ್ಲ.

ನಾನು ನೋಡುವುದು ಸಿಕ್ಕ ಜಾಗವನ್ನು. ಹೆಚ್ಚಿನವು ವಾಸದ ಮನೆಗಳಲ್ಲಿ, ಬೀದಿಯಲ್ಲಿ, ಕಸದ ಗುಂಡಿಯಲ್ಲಿ ಸಿಕ್ಕಿವೆ. ಮಾಡಿದ್ದು ಸ್ಥಳೀಯ ಜೇಡಿಮಣ್ಣಿನಲ್ಲಿ. ಮುರಿದ ಮೇಲೆ ಸೇರಿದ್ದು ಕಸಕ್ಕೆ. ಹಾಗಾಗಿ 2014ರಲ್ಲಿ ಸಂಶೋಧಕಿ ಎರಿನ್ ಡಾರ್ಬಿ ಮುಂದಿಟ್ಟ ವಾದ ನನಗೆ ಹೆಚ್ಚು ಒಪ್ಪಿಗೆ: ಇವು ಮನೆ ಕಾಯಲು, ಕಾಯಿಲೆ ಕಸಾಲೆ ದೂರವಿಡಲು ಬಳಸಿದ ಗೊಂಬೆಗಳು. ಹೆಂಗಸರು ಮಾತ್ರ ಬಳಸುತ್ತಿದ್ದರು ಎನ್ನಲೂ ಪುರಾವೆಯಿಲ್ಲ.

ಅಂದಹಾಗೆ, ಅದೇ ಕಾಲದ ಮನೆಗಳಲ್ಲಿ ಮಣ್ಣಿನ ಕುದುರೆಗಳೂ ಕುದುರೆ ಸವಾರರೂ ಸಿಕ್ಕಿದ್ದಾರೆ. ಆ ಸವಾರ ಯಾರ ಗಂಡ ಎಂದು ಇವತ್ತಿನವರೆಗೆ ನನ್ನನ್ನು ಒಬ್ಬರೂ ಕೇಳಿಲ್ಲ.